ಹೊಗೆಯ ಲೆಕ್ಕ, ಹಳ್ಳಿಯ ದುಡಿಮೆ
ಕಂಪನಿಗಳ ಕಾರ್ಬನ್ ಆಫ್‌ಸೆಟ್ ಕುರಿತು ಲೊಕ್ಕನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸ



ವಿಷಯವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನು ಸಂಘಟಕರು ನನಗೇ ಬಿಟ್ಟುಕೊಟ್ಟರು. ಅದಕ್ಕಾಗಿ ಅವರಿಗೆ ಋಣಿ. ನಾನು ಆರಿಸಿಕೊಂಡದ್ದು ಕಾರ್ಬನ್ ಆಫ್‌ಸೆಟ್. ಎಂದರೆ, ಕಂಪನಿಯೊಂದು ತಾನು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡಿಗೆ ಪ್ರತಿಯಾಗಿ, ಬೇರೆಲ್ಲೋ ಅಷ್ಟೇ ಪ್ರಮಾಣವನ್ನು ಕಡಿಮೆ ಮಾಡಿಸಲು ಅಥವಾ ಹೀರಿಸಲು ಹಣ ಕೊಡುವ ಏರ್ಪಾಡು. ಬೆಂಗಳೂರಿನ, ಲಂಡನ್ನಿನ ಕಚೇರಿಗಳಲ್ಲಿ ಚರ್ಚೆಯಾಗುವ ಈ ಸಂಗತಿಯನ್ನು ಹನೂರು ತಾಲ್ಲೂಕಿನಲ್ಲಿ ಕೂತು ಮಾತಾಡುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇಷ್ಟೇ: ಆ ಕಚೇರಿಗಳು ಕೊಳ್ಳುವ ಸರಕು ಅಲ್ಲಿ ತಯಾರಾಗುವುದಿಲ್ಲ. ಅದು ತಯಾರಾಗುವುದು ಹೊಲದ ಬದುವಿನಲ್ಲಿ, ಕೊಟ್ಟಿಗೆಯಲ್ಲಿ, ಅಡುಗೆಮನೆಯಲ್ಲಿ, ಕಾಡಿನಲ್ಲಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ, ನಡುವೆ ಮಳೆಯನ್ನೇ ನಂಬಿದ ರಾಗಿ, ಮುಸುಕಿನ ಜೋಳ, ಹುರುಳಿಯ ಹೊಲಗಳು. ಇಂಥ ಸೀಮೆಯನ್ನೇ ಈ ವ್ಯವಹಾರ ಹುಡುಕಿಕೊಂಡು ಬರುತ್ತದೆ. ಚಾಮರಾಜನಗರ ಜಿಲ್ಲೆಯ ಭೂಭಾಗದಲ್ಲಿ ಸುಮಾರು ಅರ್ಧ ಕಾಡು ಎಂಬುದನ್ನು ನೆನೆದರೆ ಸಾಕು.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲು ಈ ಏರ್ಪಾಡು ನಡೆಯುವ ಬಗೆ. ಎರಡನೆಯದಾಗಿ, ಕರ್ನಾಟಕದಲ್ಲೇ ನಡೆದ ಮೂರು ಪ್ರಯೋಗಗಳು: ಗುಡಿಬಂಡೆಯ ಮಾವು, ಬಾಗೇಪಲ್ಲಿಯ ಗೋಬರ್ ಗ್ಯಾಸ್, ಮಳವಳ್ಳಿ ಮತ್ತು ಚಿತ್ರದುರ್ಗದ ವಿದ್ಯುತ್ತು. ಮೂರನೆಯದು ನಮ್ಮ ಸುತ್ತಲಿನ ಕಾಡು. ಕೊನೆಯದಾಗಿ ಬದಲಾಗುತ್ತಿರುವ ನಿಯಮಗಳು, ಮತ್ತು ನಾವು ಕೇಳಬೇಕಾದ ಪ್ರಶ್ನೆಗಳು. ನಾಲ್ಕೂ ಭಾಗಗಳಲ್ಲಿ ನಾನು ಹೇಳಬೇಕೆಂದಿರುವ ಮಾತು ಒಂದೇ. ಕಾರ್ಬನ್ ಕ್ರೆಡಿಟ್ಟಿನ ನಿಜವಾದ ಬೆಲೆ ಇರುವುದು ಅದರ ಹಿಂದಿನ ದಿನನಿತ್ಯದ ಪಾಲನೆಯಲ್ಲಿ. ಆ ಪಾಲನೆ ಮಾಡುವವರಿಗೆ ಲೆಕ್ಕದ ಮೇಲೆ ಹಿಡಿತವಿಲ್ಲದಿದ್ದರೆ ಕಂಪನಿಯ ಘೋಷಣೆಯೂ ನಿಲ್ಲುವುದಿಲ್ಲ, ಹವಾಮಾನಕ್ಕೂ ಪ್ರಯೋಜನವಾಗುವುದಿಲ್ಲ.

1

ಮೊದಲ ಭಾಗಕ್ಕೆ ಬರುತ್ತೇನೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ದೇಶದ ಗ್ರಿಡ್ಡಿನಿಂದ ಒಂದು ಯೂನಿಟ್ ವಿದ್ಯುತ್ ಬಳಸಿದರೆ, ಕಲ್ಲಿದ್ದಲಿನ ಪಾಲು ದೊಡ್ಡದಾದ್ದರಿಂದ, ಸರಾಸರಿ 0.7 ಕೆಜಿ. ಕಂಪನಿಯೊಂದು ತನ್ನ ಜನರೇಟರು, ವಾಹನ, ವಿದ್ಯುತ್ತು, ಸಿಬ್ಬಂದಿಯ ವಿಮಾನ ಪ್ರಯಾಣ, ಕೊಂಡ ಕಚ್ಚಾವಸ್ತು ಎಲ್ಲವನ್ನೂ ಹೀಗೆ ಲೆಕ್ಕಹಾಕಿದರೆ ವರ್ಷಕ್ಕೆ ಇಷ್ಟು ಸಾವಿರ ಟನ್ ಎಂದು ಒಂದು ಮೊತ್ತ ಸಿಗುತ್ತದೆ. ಅದರಲ್ಲಿ ಇಳಿಸಬಹುದಾದಷ್ಟನ್ನು ಇಳಿಸಿ, ಉಳಿದದ್ದಕ್ಕೆ ಕ್ರೆಡಿಟ್ ಕೊಳ್ಳಬೇಕು. ಒಂದು ಕ್ರೆಡಿಟ್ ಎಂದರೆ ಒಂದು ಟನ್. ಒಮ್ಮೆ ಒಂದು ಕಂಪನಿ ಅದನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡರೆ ದಾಖಲೆಯಲ್ಲಿ ಆ ಕ್ರೆಡಿಟ್ ರದ್ದಾಗಬೇಕು, ಮತ್ತೊಬ್ಬರಿಗೆ ಮಾರುವಂತಿಲ್ಲ.

ಇದರ ಮೂಲ 1997ರ ಕ್ಯೋಟೊ ಒಪ್ಪಂದ. ಅದು 2005ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಶ್ರೀಮಂತ ದೇಶಗಳು ತಮ್ಮ ಗುರಿಯ ಒಂದು ಭಾಗವನ್ನು ಬಡ ದೇಶಗಳ ಯೋಜನೆಗಳಿಂದ ಕ್ರೆಡಿಟ್ ಕೊಂಡು ಪೂರೈಸಬಹುದು ಎಂದು ಅದರಲ್ಲೊಂದು ದಾರಿ ಇತ್ತು. ಅದೇ ಸ್ವಚ್ಛ ಅಭಿವೃದ್ಧಿ ಕಾರ್ಯವಿಧಾನ, ಚಿಕ್ಕದಾಗಿ ಸಿಡಿಎಂ. ಕಾನೂನಿನ ಒತ್ತಾಯವಿಲ್ಲದೆ ತಾವಾಗಿ ಕೊಳ್ಳುವ ಕಂಪನಿಗಳಿಗೆ ಬೇರೊಂದು ಮಾರುಕಟ್ಟೆ ಬೆಳೆಯಿತು. ಗೋಲ್ಡ್ ಸ್ಟ್ಯಾಂಡರ್ಡ್, ವೆರ್ರಾ ಮುಂತಾದ ಸಂಸ್ಥೆಗಳು ಅಲ್ಲಿ ನಿಯಮ ರೂಪಿಸುತ್ತವೆ, ಮೂರನೆಯವರಿಂದ ಪರಿಶೀಲನೆ ಮಾಡಿಸಿ ಕ್ರೆಡಿಟ್ ದಾಖಲಿಸುತ್ತವೆ.

ಕ್ರೆಡಿಟ್ ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು ನಾಲ್ಕು ಪ್ರಶ್ನೆ ಹಾಕಬೇಕು. ಈ ಹಣ ಬರದಿದ್ದರೂ ಆ ಕೆಲಸ ಆಗುತ್ತಿತ್ತೇ? ಉಳಿಸಿದೆವು ಎನ್ನುವ ಟನ್ನುಗಳನ್ನು ಯಾವುದಕ್ಕೆ ಹೋಲಿಸಿ ಎಣಿಸಿದರು? ಉಳಿಸಿದ ಇಂಗಾಲ ಎಷ್ಟು ವರ್ಷ ಉಳಿಯುತ್ತದೆ? ಅದೇ ಟನ್ನನ್ನು ಇನ್ನೊಬ್ಬರೂ ಎಣಿಸಿಕೊಂಡಿದ್ದಾರೆಯೇ? ಮುಂದಿನ ಉದಾಹರಣೆಗಳನ್ನು ಈ ನಾಲ್ಕು ಪ್ರಶ್ನೆಗಳ ಬೆಳಕಿನಲ್ಲೇ ನೋಡೋಣ.

ಕೊಳ್ಳುವ ಕಡೆಯ ಒಂದು ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. ಇನ್ಫೋಸಿಸ್ 2020ರಲ್ಲಿ ತಾನು ಇಂಗಾಲ ತಟಸ್ಥವಾದೆ ಎಂದು ಪ್ರಕಟಿಸಿತು. 2008ಕ್ಕೆ ಹೋಲಿಸಿದರೆ ಒಬ್ಬ ಉದ್ಯೋಗಿಗೆ ಬೀಳುವ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದು, ಸೌರವಿದ್ಯುತ್ತಿಗೆ ಹೂಡಿಕೆ ಮಾಡಿದ್ದು, ಉಳಿದದ್ದಕ್ಕೆ ಹಳ್ಳಿಗಳ ಗೋಬರ್ ಗ್ಯಾಸ್ ಮತ್ತು ಸುಧಾರಿತ ಒಲೆಗಳ ಯೋಜನೆಗಳಿಗೆ ಹಣ ಕೊಟ್ಟದ್ದು, ಈ ಮೂರೂ ಸೇರಿ ಆ ಘೋಷಣೆ. ಇದರಲ್ಲಿ ಮೆಚ್ಚಬೇಕಾದದ್ದು ಕ್ರಮ. ಕಟ್ಟಡಗಳ ವಿನ್ಯಾಸ, ಹವಾನಿಯಂತ್ರಣ, ದೀಪ ಇವನ್ನೆಲ್ಲ ಮೊದಲು ಸರಿಪಡಿಸಿ, ಕ್ರೆಡಿಟ್ಟನ್ನು ಕೊನೆಗೆ ಇಟ್ಟುಕೊಂಡರು. ಗಮನಿಸಬೇಕಾದದ್ದೂ ಒಂದಿದೆ. ತಲಾ ಬಳಕೆ ಅರ್ಧವಾದರೂ ಉದ್ಯೋಗಿಗಳ ಸಂಖ್ಯೆ ಬೆಳೆದರೆ ಒಟ್ಟು ಬಳಕೆ ಅರ್ಧವಾಗುವುದಿಲ್ಲ. ಕಂಪನಿಗಳ ವರದಿ ಓದುವಾಗ ತಲಾ ಲೆಕ್ಕ, ಒಟ್ಟು ಲೆಕ್ಕ ಎರಡನ್ನೂ ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗೆ ಇರಲಿ.

ಸೋರುವ ಸೂರಿನ ಕೆಳಗೆ ಪಾತ್ರೆ ಇಡುವುದು ತಪ್ಪಲ್ಲ. ಮಳೆ ನಿಲ್ಲುವವರೆಗೆ ಅದು ಬೇಕು. ಪಾತ್ರೆ ಇಟ್ಟವರು ಹೆಂಚು ಬದಲಿಸುವುದನ್ನೇ ಮರೆತರೆ ಕಷ್ಟ. ಆಫ್‌ಸೆಟ್ ಬಗ್ಗೆ ನನ್ನ ಒಟ್ಟು ನಿಲುವು ಇದು.

2

ಈಗ ಎರಡನೆಯ ಭಾಗ. ಮೊದಲ ಪ್ರಯೋಗ ಗುಡಿಬಂಡೆಯದು.

ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಪ್ರಸಿದ್ಧ ಸಂಗೀತ ತಂಡ 2002ರಲ್ಲಿ ತನ್ನ ಎರಡನೆಯ ಆಲ್ಬಮ್ ಹೊರತಂದಿತು. ಅದರ ತಯಾರಿಕೆಯಿಂದಾದ ಮಾಲಿನ್ಯಕ್ಕೆ ಪ್ರತಿಯಾಗಿ ಕರ್ನಾಟಕದಲ್ಲಿ 10,000 ಮಾವಿನ ಗಿಡ ನೆಡಿಸಲಾಗುವುದು ಎಂದು ಪ್ರಚಾರವಾಯಿತು. ಏರ್ಪಾಡು ಮಾಡಿದ್ದು ಫ್ಯೂಚರ್ ಫಾರೆಸ್ಟ್ಸ್ ಎಂಬ ಬ್ರಿಟಿಷ್ ಕಂಪನಿ. ಇಲ್ಲಿ ಗಿಡ ಹಂಚಿದ್ದು ಒಂದು ಸ್ವಯಂಸೇವಾ ಸಂಸ್ಥೆ. ಜಾಗ ಆಗಿನ ಕೋಲಾರ ಜಿಲ್ಲೆಯ ಗುಡಿಬಂಡೆಯ ಸುತ್ತಲಿನ ಹಳ್ಳಿಗಳು. 2006ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಅಲ್ಲಿಗೆ ಹೋಗಿ ನೋಡಿದಾಗ, ಬಹಳಷ್ಟು ಗಿಡ ನೀರಿಲ್ಲದೆ ಒಣಗಿದ್ದವು. ಸಸಿಗೆ ಹಣ ಬಂದಿತ್ತು, ಪಾಲನೆಗೆ ಬಂದಿರಲಿಲ್ಲ ಎಂದು ಸ್ವಯಂಸೇವಾ ಸಂಸ್ಥೆಯವರು ಹೇಳಿದರು. ನೋಡಿಕೊಳ್ಳುವ ಹೊಣೆ ಆ ಸಂಸ್ಥೆಯದು ಎಂದು ಬ್ರಿಟಿಷ್ ಕಂಪನಿಯವರು ಹೇಳಿದರು.

ಈ ಪ್ರಸಂಗವನ್ನು ಜಗತ್ತಿನ ಪತ್ರಿಕೆಗಳು ಒಂದು ತಮಾಷೆಯಂತೆ ಬರೆದವು. ನಾವು ಮಳೆಯಾಶ್ರಿತ ಸೀಮೆಯವರು, ಇದನ್ನು ಬೇಸಾಯದ ಲೆಕ್ಕವಾಗಿ ನೋಡೋಣ. ಕಸಿ ಮಾವಿನ ಗಿಡವನ್ನು ಎರಡು ಮೂರು ಬೇಸಿಗೆ ಕೈ ನೀರು ಹಾಕಿ ದಾಟಿಸಬೇಕು. ಗಿಡಕ್ಕೆ ವಾರಕ್ಕೊಂದು ಬಿಂದಿಗೆ, 15 ಲೀಟರ್ ಎಂದು ಹಿಡಿದರೂ 10,000 ಗಿಡಕ್ಕೆ ವಾರಕ್ಕೆ 1.5 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರಿನಲ್ಲಿ 30 ಲೋಡು. ಬೇಸಿಗೆಯ 12 ವಾರಕ್ಕೆ 360 ಲೋಡು. ಅದೂ ಒಂದು ವರ್ಷಕ್ಕೆ ಮಾತ್ರ. ಅದರ ಮೇಲೆ ಬೇಲಿ, ಮೇಕೆ ಕಾಯುವುದು, ಗೆದ್ದಲಿಗೆ ಔಷಧ, ಕೂಲಿ. ಈ ಖರ್ಚಿನ ಮುಂದೆ ಸಸಿಯ ಬೆಲೆ ಎಷ್ಟು ಚಿಕ್ಕದೆಂದು ಇಲ್ಲಿ ಕೂತ ಯಾವ ರೈತರಿಗೂ ಬಿಡಿಸಿ ಹೇಳಬೇಕಿಲ್ಲ. 2001ರಿಂದ ಮೂರು ವರ್ಷ ರಾಜ್ಯಕ್ಕೆ ಬರ ಬಿದ್ದದ್ದೂ ನಿಮಗೆ ನೆನಪಿರಬಹುದು. ಆಲ್ಬಮ್ಮಿನ ಮಾಲಿನ್ಯ ಆ ವರ್ಷವೇ ಗಾಳಿ ಸೇರಿತ್ತು. ಅದನ್ನು ಹೀರಬೇಕಾಗಿದ್ದ ಮರಗಳು ದಶಕಗಳ ಕಾಲ ಬದುಕಬೇಕಿತ್ತು. ಪ್ರಚಾರ ಮೊದಲ ದಿನವೇ ಆಗಿಹೋಗಿತ್ತು. ಕೆಲಸವೆಲ್ಲ ಅದರ ಮುಂದಿನದು.

ಎರಡನೆಯ ಪ್ರಯೋಗ ಗುಡಿಬಂಡೆಯ ನೆರೆಯ ಬಾಗೇಪಲ್ಲಿಯದು. ಹಾದಿ ಮಾತ್ರ ಬೇರೆ. ಅಲ್ಲಿ ಸಣ್ಣ ರೈತರು, ಕೃಷಿ ಕೂಲಿಗಳು ಕಟ್ಟಿಕೊಂಡ ಕೂಲಿ ಸಂಘವಿದೆ. ಅದಕ್ಕೆ ಬೆಂಬಲವಾಗಿ ಅಡಾಟ್ಸ್ ಎಂಬ ಸಂಸ್ಥೆ ಇದೆ. 5,500 ಮನೆಗಳಿಗೆ ತಲಾ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ ಕಟ್ಟುವ ಅವರ ಯೋಜನೆ 2005ರ ಡಿಸೆಂಬರಿನಲ್ಲಿ ಸಿಡಿಎಂ ಅಡಿ ವಿಶ್ವಸಂಸ್ಥೆಯಲ್ಲಿ ನೋಂದಣಿಯಾಯಿತು. ಯೋಜನೆಯ ಒಡೆತನ ಕೂಲಿ ಸಂಘದ್ದೇ. ಸೌದೆಯೂ ಸೀಮೆಎಣ್ಣೆಯೂ ಉಳಿದದ್ದರಿಂದ ಒಂದು ಮನೆಗೆ ವರ್ಷಕ್ಕೆ ಸುಮಾರು 3.5 ಟನ್ ಇಂಗಾಲದ ಡೈಆಕ್ಸೈಡ್ ಉಳಿತಾಯ ಎಂದು ಲೆಕ್ಕ.

ಗೋಬರ್ ಗ್ಯಾಸ್ ಕರ್ನಾಟಕಕ್ಕೆ ಹೊಸದಲ್ಲ. ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ, ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರ, ಅದರಿಂದ ಬಂದ ಅಸ್ತ್ರ ಒಲೆ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಸಾಮೂಹಿಕ ಘಟಕ ಇವೆಲ್ಲ ಹಿರಿಯರಿಗೆ ಗೊತ್ತಿರುವಂಥವು. ಆದ್ದರಿಂದ ಅದರ ತಾಂತ್ರಿಕ ವಿವರಕ್ಕೆ ಹೋಗದೆ, ಅದನ್ನು ನಡೆಸುವ ಕೈಗಳ ಕಡೆ ನೋಡೋಣ. ಎರಡು ಘನ ಮೀಟರಿನ ಘಟಕ ಪೂರ್ತಿ ನಡೆಯಬೇಕಾದರೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು, ಹೆಚ್ಚುಕಡಿಮೆ ಅಷ್ಟೇ ನೀರು ಬೇಕು. ಬೆಳಗ್ಗೆ ಕೊಟ್ಟಿಗೆ ಬಳಿದು, ಸಗಣಿಯನ್ನು ತೊಟ್ಟಿಗೆ ಹಾಕಿ, ಹುಲ್ಲುಕಡ್ಡಿ ಆರಿಸಿ, ಗಂಟಿಲ್ಲದಂತೆ ಕಲಸಿ ಒಳಗೆ ಬಿಡಬೇಕು. ಎರಡು ದಿನ ಬಿಟ್ಟರೆ ಒಲೆಯ ಉರಿ ತಗ್ಗುತ್ತದೆ. ಕೊಳವೆಯಲ್ಲಿ ನೀರು ಕಟ್ಟಿಕೊಂಡರೆ ಉರಿ ಕುಣಿಯುತ್ತದೆ. ಗುಮ್ಮಟ ಬಿರುಕು ಬಿಟ್ಟರೆ ಅದಕ್ಕಿಂತ ದೊಡ್ಡ ನಷ್ಟ. ಒಳಗಿರುವ ಮೀಥೇನ್, ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಬಿಸಿ ಹಿಡಿಯುವ ಅನಿಲ; ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು. ಉರಿಸಿದರೆ ಉಪಕಾರ, ಸೋರಿದರೆ ಅಪಕಾರ. ಹಾಗಾಗಿ ದುರಸ್ತಿಗೆ ಊರಲ್ಲೇ ಒಬ್ಬ ಮೇಸ್ತ್ರಿ ಇರಬೇಕು, ಯಾವ ಮನೆಯಲ್ಲಿ ಒಲೆ ಉರಿಯಿತು, ಯಾವ ಮನೆಯಲ್ಲಿ ಉರಿಯಲಿಲ್ಲ ಎಂದು ಬರೆದಿಡುವವರು ಇರಬೇಕು. ಬಾಗೇಪಲ್ಲಿಯವರು ಹಳ್ಳಿ ಹಳ್ಳಿಯ ಸಂಘಗಳ ಮೂಲಕ ಈ ಕೆಲಸ ಕಟ್ಟಿದ್ದರಿಂದಲೇ ಅವರ ಯೋಜನೆ ಇಂದಿಗೂ ಉದಾಹರಣೆಯಾಗಿ ಉಳಿದಿದೆ.

ಅಲ್ಲಿಯೂ ಎರಡು ತೊಡಕುಗಳಿವೆ. ಒಂದು ಬೆಲೆಯದು. 2008ರಲ್ಲಿ ಸಿಡಿಎಂ ಕ್ರೆಡಿಟ್ ಟನ್ನಿಗೆ 20 ಯೂರೋ ಆಸುಪಾಸಿನಲ್ಲಿತ್ತು; 2012ರ ಕೊನೆಯ ಹೊತ್ತಿಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಒಂದು ಮನೆಗೆ 3.5 ಟನ್ ಎಂದಾದರೆ ಮೊದಲ ಬೆಲೆಯಲ್ಲಿ ವರ್ಷಕ್ಕೆ 70 ಯೂರೋ, ಎರಡನೆಯದರಲ್ಲಿ 3.5 ಯೂರೋ ಕೂಡ ಇಲ್ಲ. ಸಗಣಿ ಕಲಸುವ ಶ್ರಮ ಎರಡೂ ಕಾಲದಲ್ಲಿ ಅಷ್ಟೇ. ರೇಷ್ಮೆಗೂಡಿನ, ಅರಿಶಿನದ ಬೆಲೆ ಏರಿಳಿಯುವುದನ್ನು ಕಂಡ ಕೊಳ್ಳೇಗಾಲ ಸೀಮೆಗೆ ಇದು ಹೊಸ ಪಾಠವೇನಲ್ಲ. ಸ್ಥಿರ ಬೆಲೆಯ, ದೀರ್ಘಾವಧಿಯ ಕರಾರು ಇಲ್ಲದಿದ್ದರೆ ಮಾರುಕಟ್ಟೆಯ ಏಟು ಮೊದಲು ಬೀಳುವುದು ಕೆಳಗಿನವರ ಮೇಲೆ.

ಇನ್ನೊಂದು ತೊಡಕು ಹೋಲಿಕೆಯದು. 2016ರಲ್ಲಿ ಅಡುಗೆ ಅನಿಲದ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಮನೆಗಳಿಗೂ ಸಿಲಿಂಡರ್ ತಲುಪಿದೆ. ಹೀಗಿರುವಾಗ ಪ್ರತಿ ಮನೆಯೂ ಅಡುಗೆಯನ್ನೆಲ್ಲ ಸೌದೆಯಲ್ಲೇ ಮಾಡುತ್ತಿತ್ತು ಎಂದು ಭಾವಿಸಿ ಉಳಿತಾಯ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಸುಧಾರಿತ ಒಲೆಗಳ ಯೋಜನೆಗಳ ಬಗ್ಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ, ಅವರು ಪರಿಶೀಲಿಸಿದ ಯೋಜನೆಗಳು ನಿಜವಾದ ಉಳಿತಾಯದ ಸುಮಾರು ಒಂಬತ್ತು ಪಟ್ಟು ಕ್ರೆಡಿಟ್ ಪಡೆದಿದ್ದವು ಎಂದು ತೋರಿಸಿತು. ಒಲೆ ಕೊಟ್ಟದ್ದು ನಿಜ. ಅದನ್ನು ಬಳಸಿದ್ದು ಎಷ್ಟು ದಿನ, ಪಕ್ಕದಲ್ಲಿ ಹಳೆಯ ಒಲೆಯೂ ಉರಿಯುತ್ತಿತ್ತೇ ಎಂಬುದನ್ನು ಸರಿಯಾಗಿ ಅಳೆದಿರಲಿಲ್ಲ. ಆ ಅಳತೆ ಅಡುಗೆಮನೆಯೊಳಗಿನದು. ಅಡುಗೆ ಮಾಡುವ ಹೆಣ್ಣುಮಕ್ಕಳನ್ನು ಕೇಳದೆ ಅದು ಸಿಗುವುದಿಲ್ಲ.

ಮೂರನೆಯ ಪ್ರಯೋಗ ವಿದ್ಯುತ್ತಿನದು. ಕಾವೇರಿಯಾಚೆ ನಮ್ಮ ನೆರೆಯ ಮಳವಳ್ಳಿ ತಾಲ್ಲೂಕಿನಲ್ಲಿ 4.5 ಮೆಗಾವಾಟಿನ ಒಂದು ಘಟಕ 2001ರಲ್ಲಿ ಶುರುವಾಯಿತು. ಅದರ ಇಂಧನ ಕಬ್ಬಿನ ತರಗು, ತೆಂಗಿನ ಗರಿ ಮುಂತಾದ ಬೆಳೆಯ ಉಳಿಕೆ. ಹೊಲದಲ್ಲೇ ಬೆಂಕಿ ಇಟ್ಟು ಸುಡುತ್ತಿದ್ದ ತರಗಿಗೆ ಬೆಲೆ ಬಂತು. ಅದನ್ನು ಒಟ್ಟುಮಾಡಿ ಸಾಗಿಸುವ ಕೆಲಸ ಸುತ್ತಲಿನವರಿಗೆ ಸಿಕ್ಕಿತು. ಘಟಕ ಸಿಡಿಎಂನಲ್ಲಿ ನೋಂದಣಿಯಾಗಿ ಕ್ರೆಡಿಟ್ ಮಾರಿತು. ಹಗುರವಾದ, ಚದುರಿದ, ಮಳೆಗಾಲದಲ್ಲಿ ಒದ್ದೆಯಾಗುವ ಇಂಧನವನ್ನು ಸಣ್ಣ ಘಟಕಕ್ಕೆ ತಂದು ಉರಿಸುವುದು ಲಾಭ ಕಡಿಮೆಯಿರುವ, ತಾಪತ್ರಯದ ಕೆಲಸ. ಇಂಥಲ್ಲಿ ಕ್ರೆಡಿಟ್ಟಿನ ಹಣ ಬಂದರೆ ಅದಕ್ಕೊಂದು ಅರ್ಥವಿದೆ.

ಇದರ ಎದುರಿಗೆ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಇಟ್ಟು ನೋಡಿ. ಕರ್ನಾಟಕದ ಹಲವು ಪವನ ವಿದ್ಯುತ್ ಯೋಜನೆಗಳೂ ಸಿಡಿಎಂ ಕ್ರೆಡಿಟ್ ಪಡೆದವು. ಗಾಳಿ ಚೆನ್ನಾಗಿರುವ ಜಾಗ, ಮೊದಲ ವರ್ಷವೇ ಯಂತ್ರದ ಬೆಲೆಯ ಬಹುಪಾಲನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವ ಸೌಲಭ್ಯ, ಸರ್ಕಾರ ಗೊತ್ತುಪಡಿಸಿದ ಖರೀದಿ ದರ ಇವೆಲ್ಲ ಆಗ ಇದ್ದಾಗ ಕ್ರೆಡಿಟ್ಟಿನ ಹಣ ಇಲ್ಲದಿದ್ದರೂ ಯಂತ್ರ ಎದ್ದು ನಿಲ್ಲುತ್ತಿರಲಿಲ್ಲವೇ? ಭಾರತದ ಪವನ ಯೋಜನೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ತಂಡವೊಂದು, ಕೊಟ್ಟ ಕ್ರೆಡಿಟ್ಟುಗಳಲ್ಲಿ ಕನಿಷ್ಠ 52 ಪ್ರತಿಶತ ಹೇಗಿದ್ದರೂ ಕಟ್ಟಲಾಗುತ್ತಿದ್ದ ಯೋಜನೆಗಳಿಗೆ ಹೋಗಿದ್ದವು ಎಂದು ಅಂದಾಜಿಸಿತು. ಗಾಳಿ ವಿದ್ಯುತ್ತು ಒಳ್ಳೆಯದೇ. ಆದರೆ ಅದರ ಕ್ರೆಡಿಟ್ ತೋರಿಸಿ ಇನ್ನೊಬ್ಬರು ಕಲ್ಲಿದ್ದಲು ಉರಿಸಿದರೆ, ಒಟ್ಟು ಹೊಗೆ ಹೆಚ್ಚಾಗುತ್ತದೆಯೇ ಹೊರತು ಇಳಿಯುವುದಿಲ್ಲ. ಈ ಕಾರಣಕ್ಕೇ ವೆರ್ರಾ ಮತ್ತು ಗೋಲ್ಡ್ ಸ್ಟ್ಯಾಂಡರ್ಡ್ 2019ರಲ್ಲಿ, ತೀರ ಹಿಂದುಳಿದ ದೇಶಗಳನ್ನು ಬಿಟ್ಟು ಉಳಿದೆಡೆ, ಗ್ರಿಡ್ಡಿಗೆ ಸೇರುವ ದೊಡ್ಡ ಗಾಳಿ ಮತ್ತು ಸೌರ ಯೋಜನೆಗಳ ಹೊಸ ನೋಂದಣಿಗೆ ಬಾಗಿಲು ಹಾಕಿದವು.

3

ಈಗ ಮೂರನೆಯ ಭಾಗ, ನಮ್ಮ ಕಾಡು. ಹಿಂದಿನ ಭಾಗದಲ್ಲಿ ಪಾಲನೆಯ ಮಾತು ಆಡಿದೆ. ಕಾಡಿಗೂ ಪಾಲನೆ ಬೇಕೇ ಎಂಬ ಪ್ರಶ್ನೆಗೆ ಬಿಳಿಗಿರಿರಂಗನ ಬೆಟ್ಟದ ಇತ್ತೀಚಿನ ಚರಿತ್ರೆ ಉತ್ತರ ಕೊಡುತ್ತದೆ.

ಈ ಬೆಟ್ಟಗಳ ಆದಿವಾಸಿಗಳಾದ ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲೇ, ಹುಲ್ಲಿನಲ್ಲಿ ಹಸಿ ಇರುವಾಗಲೇ ನೆಲದ ಒಣ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದು ತರಗನ್ನಷ್ಟೇ ಸುಟ್ಟು ತಣ್ಣಗಾಗುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು, ಪೊದೆ ಬೆಳೆಯುತ್ತಿರಲಿಲ್ಲ ಎಂದು ಹಿರಿಯ ಸೋಲಿಗರು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರಲ್ಲಿ ಬೆಟ್ಟ ಅಭಯಾರಣ್ಯವಾದದ್ದು, ಈ ಬೆಳವಣಿಗೆಗಳ ನಂತರ ಆ ಪದ್ಧತಿ ನಿಂತಿತು. ಆಮೇಲೆ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ಹಬ್ಬಿತು. ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ಬೆಟ್ಟದ ಅವೇ ಜಾಗಗಳನ್ನು 1997ರಲ್ಲೊಮ್ಮೆ, 2008ರಲ್ಲೊಮ್ಮೆ ಅಳೆದಾಗ, ಲಂಟಾನ ಕಂಡುಬಂದ ಜಾಗಗಳ ಪಾಲು ಈ ಅವಧಿಯಲ್ಲಿ ಸುಮಾರು ದ್ವಿಗುಣವಾಗಿತ್ತು. ಲಂಟಾನದ ಒಣ ಪೊದೆ ಮರದ ಎತ್ತರಕ್ಕೆ ಉರಿ ಏರಿಸುತ್ತದೆ. ಚಿಕ್ಕ ಬೆಂಕಿಯನ್ನು ತಡೆದ ಕಾಡಿನಲ್ಲಿ ದೊಡ್ಡ ಬೆಂಕಿಗೆ ಸೌದೆ ಕೂಡಿಬಿದ್ದಿದೆ.

ಇದಕ್ಕೂ ಆಫ್‌ಸೆಟ್‌ಗೂ ಏನು ಸಂಬಂಧ? ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಪಶ್ಚಿಮ ಆರ್ನೆಮ್ ಲ್ಯಾಂಡ್ ಎಂಬ ಹುಲ್ಲುಗಾಡು ಪ್ರದೇಶವಿದೆ. ಅಲ್ಲಿಯ ಮೂಲನಿವಾಸಿಗಳೂ ಒಣ ಕಾಲದ ಆರಂಭದಲ್ಲಿ ತುಂಡು ತುಂಡಾಗಿ ತಂಪು ಬೆಂಕಿ ಇಡುವವರು. ಅವರು ನೆಲ ಬಿಟ್ಟು ಹೋದ ಮೇಲೆ ಒಣ ಕಾಲದ ಕೊನೆಯ ಭಾರಿ ಬೆಂಕಿಗಳು ಹೆಚ್ಚಿದವು. 2006ರಲ್ಲಿ ಡಾರ್ವಿನ್ ಬಂದರಿನ ಅನಿಲ ಘಟಕಕ್ಕೆ ಸಂಬಂಧಿಸಿ ಕನೊಕೊಫಿಲಿಪ್ಸ್ ಕಂಪನಿ ಅವರೊಡನೆ ಕರಾರಿಗೆ ಬಂತು. ಹಳೆಯ ಪದ್ಧತಿಯ ಬೆಂಕಿಯನ್ನು ಮತ್ತೆ ಶುರುಮಾಡಿ, ಭಾರಿ ಬೆಂಕಿಯ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡನ್ನು ತಗ್ಗಿಸಿ, ವರ್ಷಕ್ಕೆ 1 ಲಕ್ಷ ಟನ್ನಿನ ಲೆಕ್ಕ ಕೊಡುವುದು ಅವರ ಕೆಲಸವಾಯಿತು. ಅದಕ್ಕೆ ಹಣ ಕೊಡುವುದು ಕಂಪನಿಯ ಕೆಲಸವಾಯಿತು. ಅನಿಲ ಮಾರುವ ಕಂಪನಿಗೆ ಇದರಿಂದ ಪಾಪ ಕಳೆಯಿತೆಂದು ನಾನು ಹೇಳುತ್ತಿಲ್ಲ. ನಾನು ತೋರಿಸಬೇಕೆಂದಿರುವುದು ಇಷ್ಟು: ಒಂದು ದೇಶದಲ್ಲಿ ಸಂಬಳ ತರುವ ಕಸುಬಾದ ಬೆಂಕಿ, ಇನ್ನೊಂದು ದೇಶದಲ್ಲಿ ಕೇಸು ಬೀಳುವ ಅಪರಾಧ. ಎರಡೂ ಕಾಡುಗಳ ಮಣ್ಣು, ಮಳೆ, ಮರ ಬೇರೆ ಬೇರೆ, ಅಲ್ಲಿಯದನ್ನು ಇಲ್ಲಿಗೆ ಹಾಗೇ ತರಲಾಗದು, ನಿಜ. ಆದರೆ ಅಲ್ಲಿ ತಿಳಿದವರನ್ನು ಕೇಳಿ, ಅಳೆದು ನೋಡಿ ತೀರ್ಮಾನಿಸಿದರು. ಆ ಕ್ರಮವನ್ನು ಇಲ್ಲಿಗೂ ತರಬಹುದು.

ತರುವುದಕ್ಕೆ ಬುನಾದಿಯೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿ ಬಿಳಿಗಿರಿರಂಗನ ಬೆಟ್ಟದ ಹಲವು ಪೋಡುಗಳಿಗೆ, ಎಂದರೆ ಸೋಲಿಗರ ಊರುಗಳಿಗೆ, 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ ಅದು. ಮಹದೇಶ್ವರ ಬೆಟ್ಟದ ಕಡೆ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು ಹೆಣೆಯುವುದು ಸೋಲಿಗರಿಗೆ ಒಂದು ಕಸುಬಾಗಿದೆ. ಲಂಟಾನ ಕಿತ್ತು, ಮತ್ತೆ ಚಿಗುರದಂತೆ ವರ್ಷ ವರ್ಷ ನೋಡಿಕೊಂಡು, ದೇಸಿ ಹುಲ್ಲು ಬರುವಂತೆ ಮಾಡುವುದು ಕಂಪನಿಯೊಂದು ಹಣ ಹೂಡಲು ಯೋಗ್ಯವಾದ ಕೆಲಸ. ಅದಕ್ಕೆ ಟನ್ನಿನ ಲೆಕ್ಕ ಕೂಡಿಬರದೆ ಹೋಗಬಹುದು. ಆಗ ಕಂಪನಿಗಳು ಅದನ್ನು ತಮ್ಮ ಹೊಗೆಯ ವಜಾ ಎಂದು ಬರೆದುಕೊಳ್ಳದೆ, ಕೊಡುಗೆ ಎಂದೇ ಕೊಡಲಿ.

ಎಲ್ಲವನ್ನೂ ಮರದ ಸಂಖ್ಯೆಗೆ ಇಳಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಕೇಂದ್ರ ಸರ್ಕಾರ 2023ರಲ್ಲಿ ಗ್ರೀನ್ ಕ್ರೆಡಿಟ್ ನಿಯಮ ತಂದಿತು. ಇದು ಕಾರ್ಬನ್ ಕ್ರೆಡಿಟ್ ಅಲ್ಲ, ಹಾಳಾದ ಅರಣ್ಯಭೂಮಿಯಲ್ಲಿ ಗಿಡ ಬೆಳೆಸುವ ಕಂಪನಿಗಳಿಗೆ ಕೊಡುವ ಬೇರೆ ಬಗೆಯ ಅಂಕ. ಮೊದಲ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದಿತ್ತು, ಗಿಡಕ್ಕೊಂದು ಅಂಕ. ನಮ್ಮ ಕಡೆಯ ಕುರುಚಲು ಕಾಡು ಹುಲ್ಲಿನ ನಡುವೆ ಮರ ಚದುರಿ ಬೆಳೆಯುವ ಕಾಡು. ಅಲ್ಲಿ ಅಷ್ಟು ಒತ್ತಾಗಿ ನೆಟ್ಟರೆ ಹುಲ್ಲೂ ಹೋಗುತ್ತದೆ, ಹುಲ್ಲು ಮೇಯುವ ಪ್ರಾಣಿಯೂ ಹೋಗುತ್ತದೆ. 2025ರ ತಿದ್ದುಪಡಿ, ಐದು ವರ್ಷ ಕಳೆದ ಮೇಲೆ, ಮರದ ಹೊದಿಕೆ ಇಷ್ಟಾದರೂ ಇದ್ದರೆ ಮಾತ್ರ ಅಂಕ ಎಂದು ಬದಲಿಸಿತು. ನೆಟ್ಟದ್ದಕ್ಕಲ್ಲದೆ ಉಳಿದದ್ದಕ್ಕೆ ಬೆಲೆ ಕಟ್ಟುವ ಈ ದಿಕ್ಕು ಸರಿಯಾದದ್ದು. ಗುಡಿಬಂಡೆಯ ಮಾವಿನ ಪಾಠವೂ ಇದೇ ಆಗಿತ್ತು.

4

ಕೊನೆಯ ಭಾಗಕ್ಕೆ ಬಂದಿದ್ದೇನೆ. ಕಂಪನಿಗಳ ಮಾತಿಗೆ ಈಗ ಕಡಿವಾಣ ಬಿಗಿಯಾಗುತ್ತಿದೆ. ದೊಡ್ಡ ಕಂಪನಿಗಳ ಗುರಿಗಳನ್ನು ಪರಿಶೀಲಿಸುವ ಸೈನ್ಸ್ ಬೇಸ್ಡ್ ಟಾರ್ಗೆಟ್ಸ್ ಎಂಬ ಜಾಗತಿಕ ವೇದಿಕೆ 2021ರಲ್ಲಿ ಹಾಕಿದ ನಿಯಮದ ಪ್ರಕಾರ ಬಹುಪಾಲು ಕಂಪನಿಗಳು ದೀರ್ಘಾವಧಿಯಲ್ಲಿ ತಮ್ಮ ಹೊಗೆಯನ್ನೇ ಸುಮಾರು 90 ಪ್ರತಿಶತ ಇಳಿಸಬೇಕು. ಕೊಂಡ ಕ್ರೆಡಿಟ್ ಅದಕ್ಕೆ ಬದಲಿಯಾಗದು. ಆಫ್‌ಸೆಟ್ ಆಧಾರದ ಮೇಲೆ ಒಂದು ಸರಕನ್ನು ಹವಾಮಾನ ತಟಸ್ಥ ಎಂದು ಜಾಹೀರಾತು ಮಾಡುವುದನ್ನು ಯುರೋಪಿಯನ್ ಒಕ್ಕೂಟದ 2024ರ ನಿರ್ದೇಶನ ನಿಷೇಧಿಸಿದೆ. ಅದು ಅನ್ವಯವಾಗುವ ದಿನ 2026ರ ಸೆಪ್ಟೆಂಬರ್ 27. ನಮ್ಮಲ್ಲಿಯೂ ಷೇರುಪೇಟೆಯ ನಿಯಂತ್ರಕ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ನೋಂದಾಯಿತ ಕಂಪನಿಗಳು ಪರಿಸರ ಮತ್ತು ಹೊಣೆಗಾರಿಕೆಯ ವರದಿ ಕೊಡುವುದನ್ನು 2022-23ರಿಂದ ಕಡ್ಡಾಯ ಮಾಡಿದೆ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಸುಳ್ಳು ಹಸಿರು ಜಾಹೀರಾತಿನ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, 2023ರಲ್ಲಿ ಭಾರತದ್ದೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟವಾಗಿದೆ. ಗುರಿ ವಿಧಿಸಿದ ಕೈಗಾರಿಕೆಗಳಿಗೆ ಒಂದು ವ್ಯವಸ್ಥೆ, ಉಳಿದವರು ತಾವಾಗಿ ಕ್ರೆಡಿಟ್ ಗಳಿಸಲು ಇನ್ನೊಂದು.

ಎಂದರೆ ಹೊಲ, ಮರ, ಕೊಟ್ಟಿಗೆ ಹುಡುಕಿಕೊಂಡು ಬರುವವರು ಮುಂದೆ ಹೆಚ್ಚುತ್ತಾರೆ. ಹೆಬ್ಬೇವು, ಮಾವು, ಹುಣಸೆ ನೆಡಿ, ಕಾರ್ಬನ್ ಹಣ ಬರುತ್ತದೆ ಎಂದು ಹೇಳುವವರಲ್ಲಿ ಪ್ರಾಮಾಣಿಕರೂ ಇರುತ್ತಾರೆ, ಇಲ್ಲದವರೂ ಇರುತ್ತಾರೆ. ಬೇಡ ಎಂದು ಬಾಗಿಲು ಹಾಕಿಕೊಳ್ಳುವುದು ನನ್ನ ಸಲಹೆಯಲ್ಲ. ಸಹಿ ಹಾಕುವ ಮೊದಲು ರೈತರು, ಸಂಘಗಳು, ಗ್ರಾಮಸಭೆಗಳು ಈ ಕೆಲವನ್ನಾದರೂ ಕೇಳಲಿ.

ಕರಾರು ಪತ್ರ ಕನ್ನಡದಲ್ಲಿದೆಯೇ? ಅದರ ಪ್ರತಿ ನಮ್ಮ ಕೈಗೆ ಸಿಗುತ್ತದೆಯೇ? ಕರಾರು ಎಷ್ಟು ವರ್ಷದ್ದು? ಅಷ್ಟರೊಳಗೆ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಒಂದು ಮರ ಕಡಿಯಬೇಕಾಗಿ ಬಂದರೆ ಏನಾಗುತ್ತದೆ? ಜಮೀನು ಭಾಗವಾದರೆ, ಮಾರಾಟವಾದರೆ ಕರಾರು ಯಾರ ತಲೆಗೆ ಬರುತ್ತದೆ? ಕ್ರೆಡಿಟ್ ಯಾರ ಹೆಸರಿನಲ್ಲಿ ದಾಖಲಾಗುತ್ತದೆ? ಅದು ಯಾವ ಕಂಪನಿಗೆ, ಟನ್ನಿಗೆ ಎಷ್ಟಕ್ಕೆ ಮಾರಾಟವಾಯಿತು ಎಂದು ನಮಗೆ ತಿಳಿಸುತ್ತಾರೆಯೇ? ನಮ್ಮ ಪಾಲು ಗೊತ್ತುಪಡಿಸಿದ ಮೊತ್ತವೋ ಮಾರಾಟ ಬೆಲೆಯ ಇಷ್ಟು ಪ್ರತಿಶತವೋ, ಬೆಲೆ ಬಿದ್ದರೆ ಕನಿಷ್ಠ ಎಷ್ಟು? ಬರ ಬಂದರೆ, ಬೆಂಕಿ ಬಿದ್ದರೆ, ಆನೆ ಬಂದು ತೋಟ ತುಳಿದರೆ ನಷ್ಟ ಯಾರದು? ಮೊದಲ ಮೂರು ಬೇಸಿಗೆಯ ನೀರಿಗೆ, ದುರಸ್ತಿಗೆ, ಕೂಲಿಗೆ ಹಣ ಎಲ್ಲಿಟ್ಟಿದ್ದಾರೆ? ಕಾಡಿನ ಕೆಲಸವಾದರೆ ಹಕ್ಕುಳ್ಳ ಪೋಡಿನ ಗ್ರಾಮಸಭೆ ಒಪ್ಪಿದೆಯೇ? ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ದಾರಿ ಇದೆಯೇ?

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಕರಾರುಗಳನ್ನು ಓದಿ ಹೇಳುವವರು, ಮರದ ಸುತ್ತಳತೆ ಹಿಡಿದು ಇಂಗಾಲ ಲೆಕ್ಕಹಾಕುವವರು, ಗೋಬರ್ ಗ್ಯಾಸ್ ಘಟಕಗಳ ದಾಖಲೆ ಇಡುವವರು ಹೊರಗಿನಿಂದಲೇ ಬರಬೇಕೆಂದಿಲ್ಲ. ಮರದ ಒಣ ತೂಕದ ಸುಮಾರು ಅರ್ಧ ಇಂಗಾಲ. ಒಂದು ಟನ್ ಇಂಗಾಲ ಎಂದರೆ 3.67 ಟನ್ ಇಂಗಾಲದ ಡೈಆಕ್ಸೈಡ್. ಈ ಗಣಿತ ನಿಮ್ಮ ಪಠ್ಯದ ರಸಾಯನಶಾಸ್ತ್ರಕ್ಕಿಂತ ಕಷ್ಟದ್ದಲ್ಲ. ಊರಿನ ಲೆಕ್ಕವನ್ನು ಊರಿನವರೇ ಬಲ್ಲರಾದರೆ ಪರಿಶೀಲನೆಗೆ ಬರುವವರೂ ಎಚ್ಚರದಿಂದ ಬರುತ್ತಾರೆ.

ಕಂಪನಿಗಳಿಗೂ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಕಾರ್ಖಾನೆಯ, ಕಚೇರಿಯ ಹೊಗೆಯನ್ನು ಮೊದಲು ಇಳಿಸಿ, ಅದು ನಿಮ್ಮ ಕೆಲಸ. ಉಳಿದದ್ದಕ್ಕೆ ಹಳ್ಳಿಯ ನೆರವು ಬೇಕೆಂದಾದರೆ ಸಸಿಯ ಬೆಲೆಗೆ ನಿಲ್ಲದೆ ಮರವಾಗುವವರೆಗಿನ ದುಡಿಮೆಯ ಬೆಲೆ ಕೊಡಿ, ಒಡೆತನದಲ್ಲಿ ಪಾಲು ಕೊಡಿ, ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿ ಹೇಳಿ. ಅಷ್ಟು ಮಾಡಲು ಒಪ್ಪದವರಿಗೆ ತಮ್ಮ ವಾರ್ಷಿಕ ವರದಿಯಲ್ಲಿ ನಮ್ಮ ಊರಿನ ಹೆಸರು ಬಳಸುವ ಹಕ್ಕಿಲ್ಲ.